ಮೋಡ ಎರಡಾದದ್ದು

ಭೂಮಿ ಇನ್ನೂ ಹೊಸದಾಗಿದ್ದಾಗ ಮೋಡ ಒಂದೇ ಎತ್ತರದಲ್ಲಿ, ಒಂದೇ ದಪ್ಪದಲ್ಲಿ ಹಾಸಿಕೊಂಡಿರುತ್ತಿತ್ತು, ಮಗು. ಆಗ ಕೆರೆಯೊಂದರ ದಡದಲ್ಲಿ ಬೊಮ್ಮಕ್ಕ ಎಂಬುವಳಿದ್ದಳು. ಬರುವ ಬೇಸಿಗೆ ಎಷ್ಟು ಸುಡುತ್ತದೆ ಎಂದು ಊರಿಗೆ ಹೇಳುವುದು ಅವಳ ಕೆಲಸ. ಸೂರ್ಯನನ್ನು ಕೇಳುವಳು, ಕಡಲನ್ನು ಕೇಳುವಳು, ಗಾಳಿಯನ್ನು ಕೇಳುವಳು. ಕೊನೆಗೆ ಮೋಡವನ್ನು ಕೇಳಿ ಬಂದು ಹೇಳುವಳು. ಅವಳ ಮಾತು ತಪ್ಪುತ್ತಿರಲಿಲ್ಲ.

ಒಂದು ವರ್ಷ ಕೆರೆ ಬೇಗ ಬೇಗ ಇಳಿಯತೊಡಗಿತು. ನೀರು ಉಳಿಯುತ್ತದೆಯೇ ಎಂದು ಊರವರು ಕೇಳಿದರು. ಸೂರ್ಯ, ಕಡಲು, ಗಾಳಿ ಮೂವರೂ ಸೆಕೆ ಹೆಚ್ಚುತ್ತದೆ ಎಂದೇ ಹೇಳಿದರು. ಮೋಡ ಮಾತ್ರ ತನ್ನ ಜಾಗದಲ್ಲಿರಲಿಲ್ಲ.

ಬೊಮ್ಮಕ್ಕ ಹುಡುಕುತ್ತ ಹೋದಳು. ಅರ್ಧ ಮೋಡ ಕೆಳಗೆ, ಉಣ್ಣೆಯಷ್ಟು ದಪ್ಪಗೆ, ಎಳೆಯ ಸಸಿಗಳ ಮೇಲೆ ನಿಂತಿತ್ತು. ಇನ್ನರ್ಧ ಎತ್ತರದಲ್ಲಿ, ಜಾಳುಜಾಳಾಗಿ, ಬೆಟ್ಟದ ಹಕ್ಕಿಮರಿಗಳ ಮೇಲೆ ಹರಡಿತ್ತು. ಬಾಡುತ್ತಿದ್ದ ಸಸಿಗಳು ನೆರಳು ಕೇಳಿದ್ದವಂತೆ. ನಡುಗುತ್ತಿದ್ದ ಮರಿಗಳು ಹೊದಿಕೆ ಕೇಳಿದ್ದವಂತೆ. ಮೋಡ ಇಬ್ಬರಿಗೂ ಹೂಂ ಅಂದಿತ್ತು.

"ಕೆಳಗಿದ್ದಾಗ ಬಿಸಿಲನ್ನು ತಡೆದು ನೆಲ ತಂಪು ಮಾಡುತ್ತೇನೆ," ಎಂದಿತು ಮೋಡ. "ಮೇಲಿದ್ದಾಗ ಬಿಸಿಲನ್ನು ಒಳಗೆ ಬಿಡುತ್ತೇನೆ, ನೆಲದ ಶಾಖವನ್ನು ಹೊರಗೆ ಬಿಡುವುದಿಲ್ಲ."

"ಈ ಬೇಸಿಗೆಗೆ ಕೆಳಗೆಷ್ಟು ಇರುತ್ತೀಯ, ಮೇಲೆಷ್ಟು?"

"ಯಾರು ಕರೆಯುತ್ತಾರೋ, ಗಾಳಿ ಎತ್ತ ಒಯ್ಯುತ್ತದೋ. ನನಗೂ ಗೊತ್ತಿಲ್ಲ, ಬೊಮ್ಮಕ್ಕ."

ಊರಿಗೆ ಮರಳುವ ದಾರಿಯುದ್ದಕ್ಕೂ ಅವಳಿಗೆ ಅಳುಕು. ಏನೋ ಒಂದು ಹೇಳಿಬಿಟ್ಟರೆ ಜನ ನಂಬುತ್ತಿದ್ದರು. ಆದರೆ ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಊರಿನ ಹಿರಿಯ ಕೆಂಚಣ್ಣ, ಹಾಗಾದರೆ ಮೋಡ ತಿಳಿಸುವವರೆಗೆ ಕಾಯೋಣ ಎಂದ.

"ಸೆಕೆ ಹೆಚ್ಚುವುದು ಖಂಡಿತ, ಕೆಂಚಣ್ಣ," ಎಂದಳು ಬೊಮ್ಮಕ್ಕ. "ಸ್ವಲ್ಪವೋ ಬಹಳವೋ ಅನ್ನುವುದಷ್ಟೇ ಮೋಡದ ಕೈಯಲ್ಲಿದೆ. ಎರಡರಲ್ಲಿ ಯಾವುದೇ ಆದರೂ, ಕೆರೆ ಆಳವಾಗಲೇಬೇಕು."

ಅವಳೇ ಮೊದಲು ಬುಟ್ಟಿ ಹಿಡಿದು ಕೆರೆಗಿಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೆಂಚಣ್ಣನೂ ಹೂಳು ಹೊತ್ತ. ಬೇಸಿಗೆ ಬಂತು, ಸುಟ್ಟಿತು. ಆದರೂ ಕೆರೆಯಲ್ಲಿ ಮೊಣಕಾಲುದ್ದ ನೀರು ಉಳಿಯಿತು, ಊರು ಅಲ್ಲೇ ಉಳಿಯಿತು.

ಅಂದಿನಿಂದ ಮೋಡ ಒಂದೇ ಕಡೆ ನಿಂತದ್ದಿಲ್ಲ. ಅದಕ್ಕೇ ಇಂದು ದೊಡ್ಡ ದೊಡ್ಡ ಕಂಪ್ಯೂಟರುಗಳ ಮುಂದೆ ಕೂತು ಮುಂದಿನ ಕಾಲದ ಸೆಕೆಯನ್ನು ಲೆಕ್ಕಹಾಕುವವರೂ ಮೋಡದ ಲೆಕ್ಕಕ್ಕೆ ಬಂದಾಗ "ಇಷ್ಟರಿಂದ ಇಷ್ಟರವರೆಗೆ" ಎನ್ನುತ್ತಾರೆ. ನೀನು ತಲೆಯೆತ್ತಿದರೆ ಒಂದೇ ಆಕಾಶದಲ್ಲಿ ಕೆಳಗೆ ದಪ್ಪ ಮೋಡ, ಮೇಲೆ ತೆಳ್ಳನೆಯ ಮೋಡ ಕಾಣುವುದೂ ಅದಕ್ಕೇ.