ಬಂದೇ ಬರುತ್ತದೆ ಎಂದ ಶಾಸಕ

"ಗುರುಗಳೇ, ಕೇಳುವವರಿಗೆ ನೋವಾಗುವ ನಿಜವನ್ನು ಒಂದಿಷ್ಟು ಮೆತ್ತಗೆ ಮಾಡಿ ಹೇಳಿದರೆ ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಶಾಸಕನಿದ್ದ. ಒಳ್ಳೆಯವನು. ಪ್ರತಿ ವರ್ಷ ಬಜೆಟ್ ಅಧಿವೇಶನ ಮುಗಿದ ಮೇಲೆ ತನ್ನ ಕ್ಷೇತ್ರದ ಊರೂರಿಗೆ ಹೋಗುತ್ತಿದ್ದ. ಸರ್ಕಾರ ಯಾವುದಕ್ಕೆ ಹಣ ಇಟ್ಟಿದೆ, ಯಾವುದಕ್ಕೆ ಇಟ್ಟಿಲ್ಲ, ನಮ್ಮ ಪಾಲಿಗೆ ಏನು ಬಂದಿದೆ ಎಂದು ಜನರನ್ನು ಕೂರಿಸಿಕೊಂಡು ತಿಳಿಸುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನ ಕ್ಷೇತ್ರದ ಕೊನೆಯಲ್ಲಿ, ಹೊಳೆಯಾಚೆ, ಒಂದು ಊರಿತ್ತು. ಅಲ್ಲಿ ಶಾಲೆ ಇದ್ದದ್ದು ಏಳನೆಯ ತರಗತಿಯವರೆಗೆ ಮಾತ್ರ. ಮುಂದೆ ಓದುವವರು ಹೊಳೆ ದಾಟಿ ಹನ್ನೆರಡು ಮೈಲಿ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಒಬ್ಬ ವಿಧವೆಗೆ ಸಾವಂತ್ರಿ ಎಂಬ ಒಬ್ಬಳೇ ಮಗಳು. ಓದಿನಲ್ಲಿ ಮುಂದಿದ್ದಳು.

ಒಂದು ವರ್ಷ ಶಾಸಕ ಬಂದು, ಈ ಊರಿಗೆ ಹೈಸ್ಕೂಲು ಮಂಜೂರಾಗಿದೆ, ಬಜೆಟ್ಟಿನಲ್ಲಿ ಹೆಸರು ಬಂದಿದೆ ಎಂದು ತಿಳಿಸಿದ. ಜನ ಚಪ್ಪಾಳೆ ತಟ್ಟಿದರು. ಅದು ನಿಜವೇ ಆಗಿತ್ತು.

ಮರುವರ್ಷ ಬಂದಾಗ ಅವನ ಚೀಲದಲ್ಲಿ ಒಂದು ಪತ್ರವಿತ್ತು. ಶಿಕ್ಷಣದ ಹಣ ಕಡಿತವಾಗಿದೆ, ಇನ್ನು ಮೂರು ವರ್ಷ ಎಲ್ಲಿಯೂ ಹೊಸ ಹೈಸ್ಕೂಲು ತೆರೆಯುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಓದಿ ಹೇಳಬೇಕೆಂದೇ ತಂದಿದ್ದ. ಅವನು ಎದ್ದು ನಿಲ್ಲುವಷ್ಟರಲ್ಲಿ ಸಾವಂತ್ರಿ ಮುಂದಿನ ಸಾಲಿನಿಂದ ಕೇಳಿದಳು:

"ಸಾಹೇಬರೇ, ಜೂನ್ ತಿಂಗಳಿಗೆ ಶುರುವಾಗುತ್ತದೆಯೇ? ನನ್ನದು ಏಳನೆಯದು ಮುಗಿಯಿತು."

ಶಾಸಕ ಅವಳ ಮುಖ ನೋಡಿದ. ಹಿಂದೆ ನಿಂತಿದ್ದ ತಾಯಿಯ ಮುಖ ನೋಡಿದ. ಚೀಲ ಬಿಚ್ಚಲಿಲ್ಲ.

"ಸ್ವಲ್ಪ ತಡವಾಗಬಹುದು ತಂಗಿ, ಆದರೆ ಬಂದೇ ಬರುತ್ತದೆ" ಎಂದ.

ಆ ವಾರವೇ ತಾಲ್ಲೂಕು ಕೇಂದ್ರದಿಂದ ತಾಯಿಯ ಅಕ್ಕ ಹೇಳಿ ಕಳಿಸಿದಳು. ಮಗಳನ್ನು ನಮ್ಮ ಮನೆಯಲ್ಲಿ ಬಿಡು, ಇಲ್ಲಿಯೇ ಹೈಸ್ಕೂಲಿಗೆ ಹೋಗಲಿ ಎಂದು. ತಾಯಿ ಯೋಚಿಸಿದಳು. ತಡವೆಂದರೆ ಹೆಚ್ಚೆಂದರೆ ಒಂದು ವರ್ಷದ ಮಾತು. ಇರುವವಳು ಒಬ್ಬಳು. ಅವಳನ್ನು ಕಣ್ಣಿಂದ ದೂರ ಮಾಡುವುದೇಕೆ? ಬೇಡವೆಂದು ತಿಳಿಸಿದಳು.

ಸಾವಂತ್ರಿ ಒಂದು ವರ್ಷ ತನ್ನ ಹಳೆಯ ಪುಸ್ತಕಗಳನ್ನೇ ತಿರುತಿರುಗಿ ಓದಿದಳು. ಶಾಸಕ ಮತ್ತೆ ಬಂದ. ಪ್ರಯತ್ನ ನಡೆದಿದೆ ಎಂದ. ಅದೂ ಸುಳ್ಳಲ್ಲ. ಮಂತ್ರಿಗಳ ಬಾಗಿಲಲ್ಲಿ ಅವನು ಆ ಊರಿಗಾಗಿ ಗಂಟೆಗಟ್ಟಲೆ ನಿಂತಿದ್ದ. ಅಷ್ಟರಲ್ಲಿ ತಾಯಿಯ ಅಕ್ಕನ ಮನೆಗೆ ಸೊಸೆ ಬಂದಿದ್ದಳು. ಇದ್ದ ಎರಡು ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಸಾವಂತ್ರಿ ಊರಿನ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗತೊಡಗಿದಳು. ಸಂಜೆ ಮನೆಗೆ ಬಂದರೆ ಕೈ ಉರಿಯುತ್ತಿತ್ತು. ತಾಯಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಎಣ್ಣೆಯ ಕೈಯಲ್ಲಿ ಪುಸ್ತಕ ಹಿಡಿಯುವಂತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಅವಳು ಪುಸ್ತಕದ ಕಡೆ ನೋಡುವುದನ್ನೂ ಬಿಟ್ಟಳು.

ಪತ್ರದಲ್ಲಿದ್ದಂತೆ ಮೂರು ವರ್ಷ ಕಳೆದ ಮೇಲೆ ಹೈಸ್ಕೂಲು ಬಂತು. ಮೂರು ಕೋಣೆ, ಇಬ್ಬರು ಮಾಸ್ತರರು. ಉದ್ಘಾಟನೆಗೆ ಬಂದ ಶಾಸಕ ಎಂಟನೆಯ ತರಗತಿಯ ಸಾಲಿನಲ್ಲಿ ಸಾವಂತ್ರಿಯನ್ನು ಹುಡುಕಿದ. ಅವಳು ಗೋಡೆಯ ಬಳಿ ಹೆಂಗಸರ ನಡುವೆ ನಿಂತಿದ್ದಳು. ಅವನು ತಾನಾಗಿ ಅವಳ ಹತ್ತಿರ ಹೋಗಿ, ನಾಳೆಯೇ ಬಂದು ಸೇರು, ವಯಸ್ಸಿನ ಅಡ್ಡಿಯಿಲ್ಲವೆಂದು ಮಾಸ್ತರರಿಗೆ ಹೇಳಿದ್ದೇನೆ ಎಂದ. ಅವಳು ತಲೆಯಾಡಿಸಿದಳು.

ಮಾರನೆಯ ದಿನ ಹೋದಳು. ಹದಿಮೂರರ ಮಕ್ಕಳ ನಡುವೆ ಹದಿನಾರರ ಅವಳು ಕೂತಳು. ಮಾಸ್ತರರು ಒಂದು ಪುಟ ಓದಲು ಹೇಳಿದರು. ಎರಡು ಸಾಲು ಓದಿದಳು. ಮೂರನೆಯ ಸಾಲಿನಲ್ಲಿ ಒತ್ತಕ್ಷರಗಳ ಬಳಿ ತಡವರಿಸಿ ನಿಂತಳು. ಮಕ್ಕಳು ನಗಲಿಲ್ಲ, ಅವಳಿಗಾಗಿ ಕಾದರು. ಅವಳು ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟು ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಹೆಂಗಸರ ಜೊತೆ ಕೆಲಸಕ್ಕೆ ಹೋದಳು.

ಸುದ್ದಿ ತಿಳಿದು ಶಾಸಕ ಬಂದ. ತಾಯಿ ಶಾಲೆಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿದ್ದಳು.

"ನೀವಾದರೂ ಒಂದು ಮಾತು ಬುದ್ಧಿ ಹೇಳಬಾರದೇ ಅಕ್ಕಾ?" ಎಂದ.

ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಆವತ್ತು ನೀವು ಹೈಸ್ಕೂಲು ಬರುವುದಿಲ್ಲ ಎಂದಿದ್ದರೆ, ಒಂದು ದಿನ ಅತ್ತು, ಅವಳನ್ನು ನಮ್ಮಕ್ಕನ ಮನೆಗೆ ಕಳಿಸಿಬಿಡುತ್ತಿದ್ದೆ, ಸಾಹೇಬರೇ" ಎಂದಳು. ಮಕ್ಕಳು ತಟ್ಟೆ ಹಿಡಿದು ನಿಂತಿದ್ದರು. ಅವಳು ಮತ್ತೆ ಬಡಿಸತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಅವನದು ಕೆಟ್ಟ ಮನಸ್ಸಲ್ಲ. ಆ ತಾಯಿ ಮಗಳಿಗೆ ನೋವಾಗಬಾರದೆಂದಲ್ಲವೇ ಅವನು ಪತ್ರ ಓದದೆ ಬಿಟ್ಟದ್ದು?" ಎಂದ.

"ಆ ದಿನ ನೋವು ತಪ್ಪಿದ್ದು ಅವನೊಬ್ಬನಿಗೆ" ಎಂದರು ಗುರುಗಳು.