ದೊರೆ ಸೊನ್ನೆಗಿಂತ ಕೆಳಗಿಳಿದದ್ದು

ಮೂರುಗಲ್ಲು ಸಂಸ್ಥಾನ ಎಷ್ಟು ವಿಶಾಲವಾಗಿತ್ತು ಅಂದರೆ, ದೊರೆ ದೊಡ್ಡೇರಪ್ಪ ನಾಯಕ ಅರಮನೆಯಲ್ಲಿ ಸೀನಿದರೆ ಪಕ್ಕದ ಸಂಸ್ಥಾನದವರು ಮುಖ ಒರೆಸಿಕೊಳ್ಳುತ್ತಿದ್ದರು.

ದೊರೆಗೆ ಒಂದು ಜಂಬ. ಪ್ರತಿ ಯುಗಾದಿಗೆ ಅರಮನೆಯ ಒಟ್ಟು ಆಸ್ತಿ ಎಷ್ಟು ಅಂತ ನಗಾರಿ ಬಾರಿಸಿ ಸಾರಬೇಕು. ಮೊತ್ತ ಹೋದ ವರ್ಷದ್ದಕ್ಕಿಂತ ಜಾಸ್ತಿ ಇರಲೇಬೇಕು. ಹೊಸದೇನೂ ಬರದಿದ್ದರೆ ಇದ್ದದ್ದರ ಬೆಲೆ ಏರುತ್ತಿತ್ತು. ಹಾಗಾಗಿ ಅಲ್ಲಿನ ಕುಂಟಾನೆ ಮುದಿಯಾದಷ್ಟೂ ದುಬಾರಿಯಾಗುತ್ತಿತ್ತು.

ಆ ವರ್ಷ ದೊರೆ ಓಬಳಯ್ಯನನ್ನು ಕರೆಸಿದ. ಓಬಳಯ್ಯ ಆಸ್ಥಾನದ ಜಾಣ, ನಮ್ಮ ಮುತ್ತಾತನ ಮುತ್ತಾತ. ನನ್ನ ಜೊತೆ ಎರಡು ಮಾತಾಡಿದವರು ಯಾರೂ ಇದಕ್ಕೆ ಸಾಕ್ಷಿ ಕೇಳಿಲ್ಲ.

"ಓಬಳಯ್ಯ, ಈ ಸಲ ಮೊತ್ತ ಲಕ್ಷ ವರಹ ಮುಟ್ಟಬೇಕು."

"ಬುದ್ಧಿ, ಈ ವರ್ಷ ಅರಮನೆಗೆ ಹೊಸದಾಗಿ ಬಂದಿದ್ದು ಹೆಗ್ಗಣ ಮಾತ್ರ."

"ಮುಟ್ಟದಿದ್ದರೆ ನಿನ್ನ ಮನೆ, ಹಿತ್ತಿಲು ಎಲ್ಲಾ ಅರಮನೆ ಲೆಕ್ಕಕ್ಕೆ ಸೇರಿಸ್ಕೋತೀನಿ."

ಗಂಡಹೆಂಡಿರು ಮಣ್ಣು ಹೊತ್ತು ಕಟ್ಟಿದ ಎರಡಂಕಣದ ಮನೆ ಅದು. ಸುದ್ದಿ ಕೇಳಿ ಹೆಂಡತಿ ಮಲ್ಲವ್ವ, "ಮನೆ ಹೋದರೆ ಒಲೆ ಎಲ್ಲಿ ಹೂಡಲಿ, ನಿಮ್ಮ ಜಾಣತನದ ಒಳಗಾ?" ಅಂದಳು.

ಓಬಳಯ್ಯ ರಾತ್ರಿಯೆಲ್ಲ ಯೋಚಿಸಿದ ಅಂತ ಹೇಳಿದರೆ ನಮ್ಮ ವಂಶಕ್ಕೆ ಅವಮಾನ. ಗೊರಕೆ ಹೊಡೆದು ಎದ್ದು ಅರಮನೆಗೆ ಹೋದ.

"ಬುದ್ಧಿ, ಆಸ್ತಿಯಲ್ಲಿ ಸಾಲ ಕಳೀಬೇಕಾ?"

"ಸಾಲ ಅನ್ನೋದು ಕೊಟ್ಟೋರ ತಲೆನೋವು. ನೀನು ಇರೋದನ್ನ ಕೂಡು."

"ಬೆಲೆ ಯಾರು ಹೇಳೋದು?"

"ನಾನು ಹೇಳಿದ್ದೇ ಬೆಲೆ. ಮುದ್ರೆ ಒತ್ತಿ ಕೊಡ್ತೀನಿ."

ಆನೆ, ಪಲ್ಲಂಗ, ಪೆಟ್ಟಿಗೆಯ ಹಣ, ಒಂದೇ ಒಂದು ಬೈಗುಳ ಕಲಿತ ಗಿಣಿ, ಎಲ್ಲ ಸೇರಿಸಿದರೂ ಎಪ್ಪತ್ತೆಂಟು ಸಾವಿರ.

"ಮೀಸೇನ ಲೆಕ್ಕಕ್ಕೆ ಹಿಡಿಯೋದೇ ಮರೆತೆವಲ್ಲ ಬುದ್ಧಿ," ಅಂದ ಓಬಳಯ್ಯ.

ದೊರೆ ಮೀಸೆ ಸವರಿಕೊಂಡ. "ಎಡಗಡೇದು ಹತ್ತು ಸಾವಿರ, ಬಲಗಡೇದು ಹನ್ನೆರಡು. ಬಲಗಡೇದಕ್ಕೆ ಚೂಪು ಜಾಸ್ತಿ."

ಸರಿಯಾಗಿ ಲಕ್ಷವಾಯಿತು. ದೊರೆ ಮುದ್ರೆ ಒತ್ತಿದ. ಪ್ರತಿ ವರ್ಷ ಊರ ಕಡೆ ಮುಖ ಮಾಡಿರುತ್ತಿದ್ದ ನಗಾರಿಯನ್ನು ಓಬಳಯ್ಯ ಈ ಸಲ ಹೆದ್ದಾರಿ ಕಡೆ ತಿರುಗಿಸಿಟ್ಟ. ಆ ದಾರಿಯಲ್ಲಿ ಅವತ್ತು ಮೇಲಿನ ಮಹಾರಾಜರಿಗೆ ಕಪ್ಪ ವಸೂಲಿ ಮಾಡುವ ಅಧಿಕಾರಿ ಹೋಗುತ್ತಿದ್ದ. ಸಾರಿದ್ದು ಕಿವಿಗೆ ಬಿದ್ದದ್ದೇ ತಡ, ಕುದುರೆ ತಿರುಗಿಸಿಕೊಂಡು ಬಂದ.

"ಏನಪ್ಪಾ ನಾಯಕ, ಹೋದ ವರ್ಷ ಮನೇಲಿ ಗಂಜಿಗೂ ಗತಿಯಿಲ್ಲ ಅಂತ ನಾಲ್ಕು ತೆಂಗಿನಕಾಯಿ ಕೊಟ್ಟು ಕಳಿಸಿದ್ದೆ. ಈಗ ಲಕ್ಷವಂತೆ. ಹತ್ತನೇ ಪಾಲು ಹತ್ತು ಸಾವಿರ, ಸಂಜೆಯೊಳಗೆ ತೆಗೆದಿಡು."

ದೊರೆಯ ಮೀಸೆ ಜೋತುಬಿತ್ತು. ನಿಂತ ನಿಲುವಿನಲ್ಲೇ ನಾಲ್ಕೈದು ಸಾವಿರ ನಷ್ಟ.

"ಬೆಲೆ ಸ್ವಲ್ಪ ಇಳಿಸೋಣವೇ?"

"ಮುದ್ರೆ ಒತ್ತಿದ ಬೆಲೆ ಇಳಿಯಲ್ಲ," ಅಂದ ಅಧಿಕಾರಿ.

ಓಬಳಯ್ಯ ಕೈಮುಗಿದ. "ಸ್ವಾಮಿ, ಕೊಡಬೇಕಾದ್ದನ್ನ ಕಳೀಬಹುದಾ?"

"ಕಳೀಲೇಬೇಕು. ಇರೋದರಲ್ಲಿ ಕೊಡೋದು ಕಳೆದು ಉಳಿದದ್ದೇ ಆಸ್ತಿ. ಸಾಲ ಇದೆ ಅಂತ ಇವನು ಸಾರಲೇ ಇಲ್ಲವಲ್ಲ."

"ಇದೆ, ಇದೆ," ಅಂತ ದೊರೆ ಸಿಂಹಾಸನದಿಂದ ಇಳಿದೇಬಿಟ್ಟ. "ಓಬಳಯ್ಯ, ಸಾಲ ಕೊಟ್ಟೋರನ್ನೆಲ್ಲ ಕರಿ."

ಕರೆಯುವುದೇನು ಬಂತು, ಅವರು ವರ್ಷಗಳಿಂದ ಹಿಂಬಾಗಿಲಲ್ಲೇ ಕೂತಿದ್ದರು. ಮೊದಲು ಗಾಣಿಗರ ಈರಣ್ಣ ಬಂದ.

"ಎಣ್ಣೆ ಬಾಬ್ತು ಮೂವತ್ತು ವರಹ ಬುದ್ಧಿ."

"ಬರೀ ಮೂವತ್ತಾ? ಅರಮನೆ ಮರ್ಯಾದೆ ಏನಾಗಬೇಕು? ಮೂವತ್ತು ಸಾವಿರ ಅನ್ನು."

ಈರಣ್ಣ ಕಂಬ ಹಿಡಿದುಕೊಂಡ. "ನಾನು, ನನ್ನ ಗಾಣ, ಎತ್ತು ಎಲ್ಲಾ ಮಾರಿದರೂ ಅಷ್ಟಾಗಲ್ಲ ಬುದ್ಧಿ."

"ಬಡ್ಡಿ ಇದೆ, ಸುಮ್ನಿರು. ಮಡಿವಾಳರ ನಿಂಗಮ್ಮ, ನಿಂದೆಷ್ಟಮ್ಮ?"

"ಇಪ್ಪತ್ತು ವರಹ."

"ನನ್ನ ಪೇಟ ಹಿಂಡಿ ಹಿಂಡಿ ಕೈ ಸವೆದಿಲ್ವಾ ತಾಯಿ? ನಲವತ್ತು ಸಾವಿರ."

ನಿಂಗಮ್ಮ ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮೀಸೆ ತೀಡುತ್ತಿದ್ದ ಕ್ಷೌರಿಕ ಹಂಪಣ್ಣನಿಗೆ ಮೂವತ್ತು ಸಾವಿರ. ಅಲ್ಲಿಗೆ ಲಕ್ಷಕ್ಕೆ ಲಕ್ಷ ಸರಿಹೋಗಿ ಸೊನ್ನೆ ಉಳಿಯಿತು.

"ನನ್ನ ಸಂಬಳ ನಲವತ್ತು ವರಹ ಬಾಕಿ ಇದೆ ಬುದ್ಧಿ," ಅಂದ ಓಬಳಯ್ಯ.

"ಅದನ್ನೂ ಹಾಕು ಮಾರಾಯ."

ಎಲ್ಲದಕ್ಕೂ ಮುದ್ರೆ ಬಿತ್ತು. ಅರಮನೆ ಸೊನ್ನೆಗಿಂತ ನಲವತ್ತು ವರಹ ಕೆಳಗಿಳಿಯಿತು. ಅಧಿಕಾರಿ ಕಪ್ಪ ಮನ್ನಾ ಮಾಡಿದ. "ಸೊನ್ನೆ ದಾಟಿದ ದಿನ ಈ ಹತ್ತು ಸಾವಿರವೂ ವಸೂಲಾಗತ್ತೆ, ನೆನಪಿರಲಿ," ಅಂದು, ಪಾಪ ಅನ್ನಿಸಿ ತನ್ನ ಬುತ್ತಿಯಿಂದ ದೊರೆಗೆ ಎರಡು ರೊಟ್ಟಿ ಕೊಟ್ಟು ಹೊರಟ.

ಅವನು ಬಾಗಿಲು ದಾಟುತ್ತಲೇ ದೊರೆ, "ಸರಿ, ನಾಟಕ ಮುಗೀತು. ಸಾಲ ಕೊಟ್ಟೋರೆಲ್ಲ ಮನೆಗೆ ಹೋಗಿ," ಅಂದ.

"ಕೊಡಲ್ಲ ಅಂದರೆ ಅದು ಸಾಲವೇ ಅಲ್ಲ ಅಂತಾಗತ್ತೆ ಬುದ್ಧಿ. ಆಗ ಲಕ್ಷ ಹಾಗೇ ನಿಲ್ಲತ್ತೆ," ಅಂದ ಓಬಳಯ್ಯ.

"ಕೊಟ್ಟರೆ ನಾನು ಇನ್ನೂ ಬಡವ ಆಗಲ್ವೇನೋ?"

"ಇಲ್ಲ ಬುದ್ಧಿ. ಪೆಟ್ಟಿಗೆಯಿಂದ ನೂರು ಹೋದರೆ ಸಾಲದಲ್ಲೂ ನೂರು ಹೋಗತ್ತೆ. ತಿಂಗಳು ತಿಂಗಳು ಕೊಡ್ತಾ ಹೋಗಿ, ನಿಮ್ಮ ಬಡತನಕ್ಕೆ ಒಂದಿಷ್ಟೂ ಧಕ್ಕೆ ಬರಲ್ಲ."

ದೊರೆ ಹಲ್ಲು ಕಡಿದ. "ಎಲ್ಲಾ ಕಳೆದ ಮೇಲೆ ಲಕ್ಷ ಮುಟ್ಟಲಿಲ್ಲ ತಾನೇ? ಮಾತು ಮಾತೇ. ನಿನ್ನ ಮನೆ ನಂದು."

"ಧಾರಾಳವಾಗಿ ಸೇರಿಸ್ಕೊಳ್ಳಿ. ಮನೆ ಬೆಲೆ ಎಷ್ಟಿಲ್ಲ ಅಂದರೂ ಅರವತ್ತು ವರಹ. ನೀವು ಸೊನ್ನೆ ದಾಟಿ ಇಪ್ಪತ್ತು ವರಹದ ಸಾಹುಕಾರರಾಗ್ತೀರಿ. ಅಧಿಕಾರಿ ಇನ್ನೂ ಕೆರೆ ಏರಿ ಮೇಲೆ ಕುದುರೆಗೆ ನೀರು ಕುಡಿಸ್ತಿದ್ದಾನೆ. ಕೂಗಲಾ?"

ದೊರೆ ಹಾರಿ ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದ. ಹಾಗೇ ಹಿಡಿದುಕೊಂಡು ನಗಲು ಶುರುಮಾಡಿದವನು ಹೊಟ್ಟೆ ಹಿಡಿದು ಕೂತ.

"ನಿನ್ನ ಮನೆ ನೀನೇ ಇಟ್ಕೊಳಯ್ಯ ಪುಣ್ಯಾತ್ಮ. ಹೋಗ್ತಾ ಆ ಆನೆನೂ ಹೊಡ್ಕೊಂಡು ಹೋಗು. ನಾನು ಇನ್ನೂ ಸ್ವಲ್ಪ ಕೆಳಗಿದ್ದರೇ ಕ್ಷೇಮ."