ಬೆಳ್ಳಕ್ಕಿ ಕೂತ ಕ್ಯಾಮೆರಾ

ಉದ್ಯಾನದ ಕೊಳದಂಚಿನಲ್ಲಿ ಟ್ರೈಪಾಡ್ ನೀರಿನಲ್ಲಿ ಕಾಲೂರಿ ನಿಂತಿತ್ತು. ಅದರ ಹೆಗಲೇರಿದ್ದ ಕ್ಯಾಮೆರಾಗೆ ಬೆಳ್ಳಕ್ಕಿಯ ಒಂದಾದರೂ ಚಿತ್ರ ತೆಗೆಯುವ ಹಂಬಲ. ಆದರೆ ಹಕ್ಕಿ ಹತ್ತಿರ ಬಂದಾಗಲೆಲ್ಲ ಅದು ಸಂಭ್ರಮ ತಡೆಯಲಾರದೆ ಗರಗರ ಲೆನ್ಸ್ ತಿರುಗಿಸುತ್ತಿತ್ತು, ಹಕ್ಕಿ ದೂರ ಹಾರುತ್ತಿತ್ತು. ಈಗ ಬ್ಯಾಟರಿಯಲ್ಲಿ ಒಂದೇ ಚಿತ್ರಕ್ಕಾಗುವಷ್ಟು ಶಕ್ತಿ ಉಳಿದಿತ್ತು.

"ಅಕ್ಕಾ, ಒಂದು ಗಳಿಗೆ ನಿಲ್ಲಬಾರದೇ?" ಎಂದು ಕ್ಯಾಮೆರಾ ಗೋಗರೆಯಿತು.

"ನಾನು ನಿಂತೇ ಇದ್ದೆ ಮಾರಾಯ, ಕುಣಿದವನು ನೀನು," ಎಂದಿತು ಬೆಳ್ಳಕ್ಕಿ. "ಮೀನು ಬೇಕಾದಾಗ ನಾನು ಹೇಗೆ ನಿಲ್ಲುತ್ತೇನೆ, ನೋಡಿ ಕಲಿ."

ಕ್ಯಾಮೆರಾ ನೋಡಿತು, ಕಲಿಯಿತು. ಅದು ಎಷ್ಟು ಅಲುಗದೆ ನಿಂತಿತೆಂದರೆ, ಮೀನಿನ ಗುಂಗಿನಲ್ಲಿದ್ದ ಬೆಳ್ಳಕ್ಕಿ ಅದನ್ನು ಮೋಟುಮರವೆಂದುಕೊಂಡು ಹಾರಿಬಂದು ಅದರ ತಲೆಯ ಮೇಲೆಯೇ ಕೂತಿತು!

'ಅಯ್ಯೋ, ಇಲ್ಲಿ ಕೂತರೆ ಚಿತ್ರ ತೆಗೆಯುವುದು ಹೇಗೆ?' ಕ್ಯಾಮೆರಾಗೆ ಅಳು ಬಂತು. ಆದರೂ ಅಲುಗಲಿಲ್ಲ.

ಹಕ್ಕಿಯ ಭಾರಕ್ಕೆ ಟ್ರೈಪಾಡಿನ ತಿರುಪು ಸಡಿಲಾಗಿ ಕ್ಯಾಮೆರಾ ಮೆಲ್ಲಗೆ ಕೆಳಗೆ ಬಾಗಿತು. ತಿಳಿನೀರಿನಲ್ಲಿ ಬೆಳ್ಳಕ್ಕಿಯ ಬಿಂಬ, ಅದರ ಕಾಲಡಿಯಲ್ಲಿ ತನ್ನ ಬಿಂಬ.

ಕ್ಲಿಕ್!

"ಅರೆ, ನೀನಾ!" ಬೆಳ್ಳಕ್ಕಿ ಬೆಚ್ಚಿತು.

"ನಾನೇ ಅಕ್ಕಾ," ಎಂದಿತು ಕ್ಯಾಮೆರಾ. "ಇಬ್ಬರೂ ಚೆನ್ನಾಗಿ ಬಂದಿದ್ದೇವೆ."